ಮಾಳಿಗೆಗೆ ಹಾಸಿದ ಕೌದಿ

ಟ್ರಂಕು ತೆರೆದಾಗ ಕೌದಿಗಳಿಂದೇಳುವ ಡಾಂಬರು ಗುಳಿಗೆಯ ವಾಸನೆ ಇಂದಿಗೂ ನನ್ನನ್ನು ಸಪ್ತಾಪುರದ ಮನೆಯ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಅಪ್ಪ ಹಾಸಿಗೆ ಹಿಡಿದಿದ್ದರು. ಅವರ ಕೋಣೆಯ ಮೇಲೆಯೇ ನಾನು ಆಡುವ ಮಾಳಿಗೆ. ಹಲಗೆಯ ನೆಲ, ನಡೆದರೆ ದಬದಬ ಸದ್ದು. ಅಜ್ಜಿ ಹೊಲಿದ ನಾಲ್ಕೂ ಕೌದಿಗಳನ್ನು ಅವ್ವ ಅಲ್ಲಿ ಹಾಸಿದಳು.

“ಅಪ್ಪಗ ನಿದ್ದಿ ಬೇಕವ್ವಾ. ಸಪ್ಪಳ ಮಾಡಬ್ಯಾಡ,” ಎಂದು ಕೆಳಗಿಳಿದಳು.

ಕುಣಿದರೂ ಸದ್ದಾಗಲಿಲ್ಲ. ಹಿಗ್ಗಿನಿಂದ ಕೌದಿಯ ಅಂಚು ಸರಿಸಿ, ಹಲಗೆಯ ಸಂದಿಗೆ ಕಿವಿಯಿಟ್ಟೆ.

“ಸಣ್ಣಾಕಿ ಎಲ್ಲಿ?” ಅಪ್ಪ ಕೇಳುತ್ತಿದ್ದರು. “ಆಕಿ ಹೆಜ್ಜಿ ಸಪ್ಪಳ ಇಲ್ಲದ ನಿದ್ದಿ ಹತ್ತವಲ್ದು.”

“ಮುಗದ ಊರಿಗೆ, ಅಜ್ಜಿ ಮನಿಗೆ ಹೋಗ್ಯಾಳ್ರಿ. ನೀವು ಮಲಕೋರಿ,” ಅಂದಳು ಅವ್ವ.

“ಬಂದಕೂಡ್ಲೆ ನನ್ನ ಎಬ್ಬಸು.”

ಅವ್ವನ ಮಾತು ಸುಳ್ಳಾಗಬಾರದೆಂದು ನಾನು ಉಸಿರು ಬಿಗಿಹಿಡಿದು ಅಲ್ಲೇ ಮಲಗಿದೆ.

ಸಂಜೆ ನಾನೇ ಕೆಳಗಿಳಿದು ಎಬ್ಬಿಸಿದೆ. ಅಪ್ಪ ಏಳಲಿಲ್ಲ.