ಬಾಣದ ದಾರ

ಗಂಡ ಸತ್ತು ತಿಂಗಳಾದ ಮೇಲೆ ಅವಳು ಬಿಲ್ಲುಬೇಟೆ ಕಲಿಯಲು ಅವನ ಜೊತೆಗಾರನ ಮನೆಗೆ ಬಂದಳು. ಹಂದಿ ತಿವಿಯಿತೆಂದು ಹೇಳಿ, ಹೆಣವನ್ನು ಕಾಡಿನಿಂದ ಹೊತ್ತು ತಂದವನು ಇವನೇ.

ಅವನು ಅವಳ ಎಡಗೈಗೆ ತೊಗಲಿನ ಪಟ್ಟಿ ಕಟ್ಟಿದ. "ಇದಿಲ್ದಿದ್ರೆ ಹೆದೆ ಬಡಿದು ಚರ್ಮ ಕಿತ್ತೋಗುತ್ತೆ. ಬಳೆ ಹಾಕ್ಕೊಂಡು ಬರ್ಬೇಡ, ಸದ್ದಿಗೆ ಹಂದಿ ಓಡುತ್ತೆ."

"ಬಳೆ ಎಲ್ಲಿದೆ ಅಣ್ಣಾ?"

ಅವನು ಮಾತು ಬದಲಿಸಿದ. "ಕೂರೋಕೆ ಮತ್ತಿ ಮರದ ಮೇಲೆ ಹಗ್ಗ ಹೆಣೆದು ಅಟ್ಟಣೆ ಕಟ್ಕೊಡ್ತೀನಿ. ಹಲಗೆ ಆದ್ರೆ ಕಿರಗುಟ್ಟುತ್ತೆ."

"ಅವರು ಕೂತಿದ್ದ ಮರಾನೇ ಆಗ್ಲಿ."

"ಆವತ್ತು ಅವನು ಹೇಳ್ದೆ ಕೇಳ್ದೆ ಮರ ಇಳಿದಿದ್ದೇ ತಪ್ಪಾಯ್ತು. ಸರಿ, ಬಾಣದ ಅಲಗು ಕಟ್ಟೋಕೆ ಯಾವ ಬಣ್ಣದ ದಾರ ಬೇಕು?"

ಅಲ್ಲಿ ಒಬ್ಬೊಬ್ಬ ಬೇಟೆಗಾರನಿಗೂ ಒಂದೊಂದು ಬಣ್ಣ. ಸತ್ತ ಪ್ರಾಣಿಯ ಮೈಯಲ್ಲಿ ಯಾರ ದಾರದ ಅಲಗು ಸಿಗುತ್ತದೋ, ಬೇಟೆ ಅವರದು.

"ಹಳದಿ."

"ಹಳದಿ ನಂದಲ್ವಾ? ಬೇರೆ ಯಾರೂ ಕಟ್ಟೋ ಹಾಗಿಲ್ಲ."

ಅವಳು ಸೆರಗಿನ ಗಂಟು ಬಿಚ್ಚಿ, ಹಳದಿ ದಾರ ಸುತ್ತಿದ ಅಲಗೊಂದನ್ನು ಅವನ ಅಂಗೈ ಮೇಲಿಟ್ಟಳು.

"ಹೆಣಕ್ಕೆ ನೀರು ಹಾಕೋವಾಗ ಅವರ ಬೆನ್ನಲ್ಲಿ ಸಿಕ್ತು."