ಬ್ರೆಡ್ ತರಲು ಹೋದವನು

“ಅಲ್ಲಲ್ಲ, ಈ ಕಡೆ” ಎಂದು ದಾಫಿನಾ ಬಾಯಿ ತೆರೆಯುವಷ್ಟರಲ್ಲಿ ಮಾರಿಟ್ ಆಗಲೇ ದಾಫಿನಾಳ ಚಿಕ್ಕಪ್ಪ ಲುವಾನನ ಗೇಟು ದಾಟಿ ಅಂಗಳದಲ್ಲಿ ನಿಂತಾಗಿತ್ತು. ನಾರ್ವೆಯಲ್ಲಿ ನಲವತ್ತು ವರ್ಷ ಮನೆಮನೆಗೆ ಕಾಗದ ಹಂಚಿದ ಮುದುಕಿ; ಗೇಟು ಅವಳಿಗೆ ಲೆಕ್ಕಕ್ಕೇ ಇಲ್ಲ. ಅದರ ಮೇಲೆ ಒಳಗಿನಿಂದ ಸೊಪ್ಪು ತುಂಬಿದ ಪದರ ಪದರದ ಬ್ಯೂರೆಕ್ ಬೇಯುವ ಘಮ ಬೇರೆ.

ಅಲ್ಬೇನಿಯಾದ ದುರ್ರೆಸ್ ಊರಿನ ತಿಂಡಿಗಳ ರುಚಿ ತೋರಿಸುತ್ತ ಪ್ರವಾಸಿಗಳನ್ನು ಓಣಿ ಓಣಿ ನಡೆಸುವುದು ದಾಫಿನಾಳ ಕೆಲಸ. ಆರು ವರ್ಷದಿಂದ ಈ ಗೇಟೊಂದನ್ನು ತಪ್ಪಿಸಲೆಂದೇ ಪಕ್ಕದ ಓಣಿಯಲ್ಲಿ ಸುತ್ತಿ ಹೋಗುತ್ತಿದ್ದಳು. ಇವತ್ತು ಆ ಓಣಿಯನ್ನು ಪೈಪು ಹಾಕಲು ಅಗೆದುಹಾಕಿದ್ದರು. ಫೆಬ್ರವರಿಯ ಚಳಿಗೆ ಗಿರಾಕಿಯೂ ಒಬ್ಬಳೇ. ಬಿಟ್ಟು ಹೋಗುವ ಹಾಗಿಲ್ಲ.

ಕೆಂಡ ಹೇರಿದ ಕಬ್ಬಿಣದ ಮುಚ್ಚಳವನ್ನು ಆಗಷ್ಟೇ ಎತ್ತಿದ್ದ ಲುವಾನ್ ಮಾರಿಟ್‌ಳನ್ನು ನೋಡಿ ಸ್ವಾಗತಿಸುತ್ತ ಎದೆಯ ಮೇಲೆ ಕೈಯಿಟ್ಟ. ಅವಳ ಹಿಂದೆ ನಿಂತ ಅಣ್ಣನ ಮಗಳನ್ನು ನೋಡಿದ್ದೇ ಮುಖ ಬಿಗಿಯಿತು. ಆದರೆ ಮನೆಗೆ ಬಂದವರನ್ನು ಹೋಗು ಎನ್ನುವಂತಿಲ್ಲ, ಅವರ ಜೊತೆ ಬಂದವರನ್ನೂ ಎನ್ನುವಂತಿಲ್ಲ.

“ಬನ್ನಿ ಅಮ್ಮ, ಕೂತ್ಕೊಳ್ಳಿ. ನಿಮ್ ಜೊತೆ ಬಂದೋರಿಗೂ ಕೂತ್ಕೊಳ್ಳೋಕೆ ಹೇಳಿ,” ಎಂದ, ಅಲ್ಬೇನಿಯನ್ ಭಾಷೆಯ ಒಂದಕ್ಷರವೂ ತಿಳಿಯದ ಮಾರಿಟ್‌ಳಿಗೆ.

ದಾಫಿನಾ ಬೆಂಚಿನ ತುದಿಯಲ್ಲಿ ಕೂತಳು. ಈ ಮನೆಯ ಕಥೆ ಕೇರಿಗೆಲ್ಲ ಬಾಯಿಪಾಠ. ತೊಂಬತ್ತೊಂದರ ಆಗಸ್ಟಿನಲ್ಲಿ ಬಡತನ ತಾಳಲಾರದೆ ಊರಿಗೆ ಊರೇ ಇಟಲಿಗೆ ಹೋಗುವ ಹಡಗು ಹತ್ತಲು ಬಂದರಿಗೆ ನುಗ್ಗಿದಾಗ, ಅವಳ ಅಪ್ಪ ಸ್ಕೆಂದರ್ ತಮ್ಮನನ್ನು ಬ್ರೆಡ್ ತರಲು ಕಳಿಸಿ ತಾನೊಬ್ಬನೇ ಹಡಗು ಹತ್ತಿದನಂತೆ. ಇಟಲಿಯವರು ಹತ್ತೇ ದಿನಕ್ಕೆ ವಾಪಸ್ ಅಟ್ಟಿದರು. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಶಾಲೆಯಲ್ಲಿ ಅವಳಿಗೆ ‘ತಮ್ಮನ್ನ ಬಿಟ್ಟೋದೋನ ಮಗಳು’ ಎಂದೇ ಹೆಸರಿತ್ತು. ಅಪ್ಪ ನಿಜವಾಗಿ ಅಂಥವನಾ? ಚಿಕ್ಕಂದಿನಿಂದ ಈ ಪ್ರಶ್ನೆ ಕೊರೆಯುತ್ತಿತ್ತು; ಅಪ್ಪನನ್ನೇ ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಮಾರಿಟ್‌ಳಿಗೆ ಪ್ರಶ್ನೆ ಕೇಳುವುದೆಂದರೆ ಊಟಕ್ಕಿಂತ ಹೆಚ್ಚು. ಯಾವ ಸೊಪ್ಪು? ಎಷ್ಟು ಪದರ? ಯಾರು ಕಲಿಸಿದ್ದು? “ನಮ್ಮಮ್ಮ,” ಎಂದ ಲುವಾನ್. ದಾಫಿನಾ ಒಂದು ತುಂಡು ಬಾಯಿಗಿಟ್ಟಳು. ಭಾನುವಾರ ಅಪ್ಪ ಮಾಡುವುದೂ ಇದೇ ರುಚಿ, ಉಪ್ಪು ಒಂದು ಚಿಟಿಕೆ ಮುಂದೆ. ಅವಳಿಗೆ ಸಿಟ್ಟೇ ಬಂತು.

“ಬಂದರಿನ ಹತ್ರ ಆ ಹಡಗಿನ ಫೋಟೊ ತೋರಿಸಿದೆಯಲ್ಲ,” ಎಂದಳು ಮಾರಿಟ್, ಬೆರಳು ಚೀಪುತ್ತ. “ಇವರೂ ಹತ್ತಿದ್ರಾ? ಇಲ್ದಿದ್ರೆ ಯಾಕೆ ಹತ್ತಲಿಲ್ಲ? ಕೇಳು.”

“ಅದೊಂದು ಬೇಡ.”

“ಯಾಕೆ ಬೇಡ? ಕೇಳಿದ್ರೆ ಏನಂತೆ?”

ಲುವಾನ್ ಇಬ್ಬರ ಮುಖ ನೋಡಿದ. “ಅಮ್ಮ, ನೀವ್ ಕೇಳಿದ್ದನ್ನ ಆ ಹುಡುಗಿ ನುಂಗ್ತಾ ಇದಾಳೆ. ಹೇಳ್ಬಿಡೋಕೆ ಹೇಳಿ.”

ದಾಫಿನಾ ತಲೆ ತಗ್ಗಿಸಿ ಪ್ರಶ್ನೆಯನ್ನು ಹೇಳಿದಳು. ಲುವಾನ್ ರಾಕಿ ಸಾರಾಯಿಯ ಲೋಟ ತುಂಬಿದ, ಕುಡಿಯದೆ ಹಾಗೇ ಇಟ್ಟ. ನಾಳೆ ವಿಮಾನ ಹತ್ತಿ ಹೋಗುವ ಹೆಂಗಸು ಎಂಬ ಧೈರ್ಯವೋ ಏನೋ, ಅವಳ ಮುಖವನ್ನೇ ನೋಡುತ್ತ ಶುರು ಮಾಡಿದ.

“ಮೂವತ್ತು ವರ್ಷದ ಮೇಲಾಯ್ತು ಅಮ್ಮ, ಒಬ್ರೂ ಕೇಳ್ಲಿಲ್ಲ. ಬ್ರೆಡ್ ತಗೊಂಡು ನಾನು ವಾಪಸ್ ಬಂದೆ. ಹಡಗು ಇನ್ನೂ ಹೊರಟಿರ್ಲಿಲ್ಲ. ನಮ್ಮಣ್ಣ ಮೇಲೆ ನಿಂತು ನನ್ ಹೆಸ್ರು ಹಿಡಿದು ಕೂಗ್ತಾ ಇದ್ದ, ಗಂಟಲು ಹರ್ಕೊಂಡು. ಜನ ಹಗ್ಗ ಹಿಡ್ಕೊಂಡು ಹತ್ತೋದು, ಕೈ ಜಾರಿ ನೀರಿಗೆ ಬೀಳೋದು... ನೋಡಿ ಕಾಲೇ ಬರ್ಲಿಲ್ಲ ನಂಗೆ. ಹತ್ತೊಂಬತ್ತು ವರ್ಷದ ಗಂಡಸು, ಕ್ರೇನ್ ಹಿಂದೆ ಅಡಗಿ ಕೂತ್ಬಿಟ್ಟೆ.”

ವಾಕ್ಯ ವಾಕ್ಯವಾಗಿ ಅನುವಾದಿಸುತ್ತಿದ್ದ ದಾಫಿನಾ ಅಲ್ಲಿಗೆ ನಿಲ್ಲಿಸಿದಳು.

“ಆಮೇಲೆ?” ಎಂದಳು ಮಾರಿಟ್.

“ಆಮೇಲೆ ಎಲ್ರೂ ‘ಪಾಪ, ಅಣ್ಣ ಕೈಕೊಟ್ಟ’ ಅಂದ್ರು. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಅವನು ವಾಪಸ್ ಬಂದ್ಮೇಲಂತೂ ಮುಖ ತೋರ್ಸೋದು ಹೇಗೆ? ಗೇಟ್ ಹಾಕ್ಕೊಂಡೆ.”

ಅಪ್ಪ ಅಂಥವನಲ್ಲ. ದಾಫಿನಾಳಿಗೆ ಎದೆಯ ಮೇಲಿನ ಭಾರ ಇಳಿಯಿತು, ಇಳಿದ ಜಾಗದಲ್ಲಿ ಕೋಪ ಉರಿಯಿತು. ಇಷ್ಟು ವರ್ಷ ಕಾಫಿ ಅಂಗಡಿಯಲ್ಲಿ ಆ ಮಾತು ಬಂದಾಗಲೆಲ್ಲ ಅಪ್ಪ ಕಪ್ಪು ಕೆಳಗಿಟ್ಟು ಎದ್ದು ಹೋಗುತ್ತಿದ್ದನಲ್ಲ!

“ಮಿಕ್ಕಿದ್ದನ್ನ ಹೇಳು ಅವರಿಗೆ,” ಎಂದ ಲುವಾನ್, ಮೊದಲ ಸಲ ಅವಳಿಗೇ.

“ಇದು ಅವರಿಗೆ ಹೇಳೋ ಮಾತಲ್ಲ, ಚಿಕ್ಕಪ್ಪ.”

ಅವಳು ಫೋನು ತೆಗೆದು ಅಪ್ಪನ ನಂಬರ್ ಒತ್ತಿದಳು. ಎಲ್ಲರಿಗೂ ಕೇಳುವಂತೆ ಮಾಡಿ ಬ್ಯೂರೆಕ್ ತಟ್ಟೆಯ ಪಕ್ಕದಲ್ಲಿಟ್ಟಳು. ಲುವಾನ್ ಏಳಲು ಹೋದ; ಏನೂ ಅರ್ಥವಾಗದ ಮಾರಿಟ್ ಅವನ ತೋಳು ಹಿಡಿದು ಕೂರಿಸಿದಳು.

“ಅಪ್ಪ, ಚಿಕ್ಕಪ್ಪನ ಮನೇಲಿದೀನಿ.”

ಆ ಕಡೆ ಕಪ್ಪು ಕೆಳಗಿಟ್ಟ ಸದ್ದು ಕೇಳಿತು.

“ಅವತ್ತು ಅವ್ರು ಬಂದರಿಗೆ ವಾಪಸ್ ಬಂದಿದ್ರಂತೆ ಅಪ್ಪ. ಹಡಗು ಹೊರಡೋ ಮುಂಚೆ.”

“ಗೊತ್ತು ಮಗಳೇ,” ಎಂದ ಸ್ಕೆಂದರ್. “ಹಡಗಿನ ಮೇಲಿಂದ ಎಲ್ಲಾ ಕಾಣ್ತಿತ್ತು. ಕ್ರೇನ್ ಹಿಂದೆ ಕೂತಿದ್ದ, ಕಂಕುಳಲ್ಲಿ ಎರಡು ಬ್ರೆಡ್ ಇಟ್ಕೊಂಡು. ಬೆಳಗ್ಗಿಂದ ಹೊಟ್ಟೆಗೆ ಏನೂ ಇರ್ಲಿಲ್ಲ ಅವನಿಗೆ. ಆಮೇಲಾದ್ರೂ ತಿಂದ್ನಾ, ಕೇಳು.”