ಆಲ್ಬಮ್‌ಗೆ ಇಟ್ಟ ಹೆಸರು

ಆಲ್ಬಮ್ ಬಿಡುಗಡೆಯಾಗಿ ಮೂರು ತಿಂಗಳಾದರೂ ಒಂದೇ ಒಂದು ಸಿ.ಡಿ. ಖರ್ಚಾಗಿರಲಿಲ್ಲ. ಒಸಾಕಾದ ಆ ರಾಕ್ ತಂಡದ ಗಾಯಕಿ ರೇಗಿಹೋಗಿ, ಡ್ರಮ್ಮರ್‌ನನ್ನೂ ಎಳೆದುಕೊಂಡು ಸಿ.ಡಿ. ಅಂಗಡಿಗೆ ಹೊರಟಳು.

“ಆ ಹೆಸರು ಬೇಡ ಅಂತ ಅವತ್ತೇ ಬಡ್ಕೊಂಡೆ,” ಎಂದ ಡ್ರಮ್ಮರ್.

“ಬಾಯ್ಮುಚ್ಚು. ದುಡ್ಡಿಗೋಸ್ಕರ ಹಾಡೋರಿಗೆ ಆ ಹೆಸರು ಚುಚ್ಚಬೇಕು!”

ಅಂಗಡಿಯೊಳಗೆ ಕಾಲಿಟ್ಟರೆ ಅವಳದೇ ಹಾಡು ಮೊಳಗುತ್ತಿತ್ತು.

“ಇದು ನಮ್ಮ ಹಾಡು ಕಣ್ರೀ!”

“ಹೌದಾ ಮೇಡಂ? ದಿನಾ ಹಾಕ್ತೀನಿ,” ಅಂಗಡಿಯವನ ಮುಖ ಅರಳಿತು. “ಇವತ್ತೂ ಇಬ್ಬರು ಈ ಸಿ.ಡಿ. ಬೇಕೇ ಬೇಕು ಅಂತ ಕೂತಿದ್ರು. ಸಾಗಹಾಕೋಷ್ಟರಲ್ಲಿ ಸಾಕಾಯ್ತು.”

“ಸಾಗಹಾಕಿದ್ರಾ? ಕೊಡೋಕೇನ್ರೀ ಧಾಡಿ ನಿಮಗೆ?”

“ಕೊಡೋ ಹಾಗಿಲ್ವಲ್ಲ ಮೇಡಂ. ನೀವೇ ಹೇಳಿದ್ದೀರಿ.”

“ನಾನಾ? ಯಾವಾಗ ಹೇಳಿದೆ?”

ಡ್ರಮ್ಮರ್ ಹಣೆ ಚಚ್ಚಿಕೊಂಡ. ಅಂಗಡಿಯವನು ಸೊಂಟ ಬಗ್ಗಿಸಿ ವಂದಿಸಿ, ಸಿ.ಡಿ.ಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳೇ ಹಠ ಹಿಡಿದು ಬರೆಸಿದ್ದ ಹೆಸರು ಮುಖಪುಟದ ತುಂಬ ಕೆಂಪು ಅಕ್ಷರಗಳಲ್ಲಿತ್ತು: ‘ಮಾರಾಟಕ್ಕಲ್ಲ’.